ರೆಡ್‌ಫರ್ನ್‌ನಲ್ಲಿ ಇಳಿದ ದಿನ

ಸಿಡ್ನಿಗೆ ಬಂದು ಹತ್ತು ದಿನವಾಗಿತ್ತು. ಒಪೆರಾ ಹೌಸ್ ಆಯಿತು, ಬಾಂಡೈ ಬೀಚ್ ಆಯಿತು, ಮಗಳ ಮನೆ ಇರುವ ವೆಸ್ಟ್‌ಮೀಡ್ ಸುತ್ತಮುತ್ತಲಿನ ಇಂಡಿಯನ್ ಅಂಗಡಿಗಳೂ ಆದವು. "ನಾಳೆ ರೆಡ್‌ಫರ್ನ್‌ಗೆ ಹೋಗ್ತೀನಿ ಕಣೇ" ಅಂದೆ.

"ಅಲ್ಲೇನಿದೆ ಅಮ್ಮಾ? ದಿನಾ ಆ ಸ್ಟೇಷನ್ ದಾಟಿಕೊಂಡೇ ಆಫೀಸಿಗೆ ಹೋಗೋದು ನಾನು. ಒಂದಿನಾನೂ ಇಳಿದಿಲ್ಲ."

ಇಳಿಯುವಂಥದ್ದು ಏನಿದೆ ಅಂತ ಅವಳಿಗೆ ಹೇಳುವಷ್ಟು ನನಗೂ ಗೊತ್ತಿರಲಿಲ್ಲ. ಅಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿಗಳ (ಅಬೊರಿಜಿನಲ್ ಜನರ) ದವಾಖಾನೆ ತೆರೆಯಲು ನೆರವಾದ ಫ್ರೆಡ್ ಹಾಲೋಸ್ ಎಂಬ ಕಣ್ಣಿನ ಡಾಕ್ಟರ ಬಗ್ಗೆ ಎಲ್ಲೋ ಓದಿದ್ದೆ. ಅವರ ಜೊತೆ ಇದ್ದ 'ಮಮ್ ಶರ್ಲ್' ಎಂಬ ಹೆಂಗಸಿನ ಹೆಸರು ತಲೆಯಲ್ಲಿ ಉಳಿದಿತ್ತು. ಅಷ್ಟೇ.

ಸ್ಟೇಷನ್ನಿಂದ ಹೊರಗೆ ಬಂದರೆ ಎತ್ತರದ ಕಟ್ಟಡಗಳು, ಕೈಯಲ್ಲಿ ಕಾಫಿ ಲೋಟ ಹಿಡಿದ ಕಾಲೇಜು ಹುಡುಗರು. ಪಕ್ಕದ ಈವ್ಲೀ ಸ್ಟ್ರೀಟ್ ಸುತ್ತಲಿನ ಜಾಗಕ್ಕೆ 'ದಿ ಬ್ಲಾಕ್' ಅಂತ ಹೆಸರು. 1973ರಲ್ಲಿ ಸರ್ಕಾರದ ದುಡ್ಡಿನ ನೆರವಿನಿಂದ ಮೂಲನಿವಾಸಿಗಳೇ ಒಂದು ಸಂಸ್ಥೆ ಕಟ್ಟಿಕೊಂಡು ಇಲ್ಲಿ ಮನೆಗಳನ್ನು ಕೊಂಡರು. ಆ ಹಳೆಯ ಸಾಲುಮನೆಗಳು ಈಗಿಲ್ಲ. ನಾನು ಸುಮ್ನೆ ಒಂದು ಸುತ್ತು ಹಾಕಿ ರೀಜೆಂಟ್ ಸ್ಟ್ರೀಟ್ ಕಡೆ ತಿರುಗಿದೆ.

ಈ ಬೀದಿಯ ಕಥೆ ಶುರುವಾಗುವುದು ಪೊಲೀಸರಿಂದ. 1967ರಲ್ಲಿ ಜನಮತಗಣನೆ ನಡೆದು, ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಮಂದಿ ಮೂಲನಿವಾಸಿಗಳ ಪರವಾಗಿ ಸಂವಿಧಾನ ತಿದ್ದಲು ಒಪ್ಪಿದ್ದರು. ಅದಕ್ಕಾಗಿ ಫೇತ್ ಬ್ಯಾಂಡ್ಲರ್ ಎಂಬ ಹೋರಾಟಗಾರ್ತಿ ಹತ್ತು ವರ್ಷ ಊರೂರು ತಿರುಗಿದ್ದರು. ಆದರೆ ರೆಡ್‌ಫರ್ನ್‌ನ ಬೀದಿಯಲ್ಲಿ ರಾತ್ರಿ ಹೊತ್ತು ಕಪ್ಪು ಜನ ಕಂಡರೆ ಪೊಲೀಸ್ ವ್ಯಾನಿಗೆ ತುಂಬುವುದು ನಿಲ್ಲಲಿಲ್ಲ. ಪಾಲ್ ಕೋ, ಗ್ಯಾರಿ ವಿಲಿಯಮ್ಸ್, ಗ್ಯಾರಿ ಫೋಲಿ ಎಂಬ ಹುಡುಗರು ಪಬ್ಬುಗಳ ಹತ್ತಿರ ನಿಂತು, ಯಾರನ್ನು ಹಿಡಿದರು, ಯಾವಾಗ ಹಿಡಿದರು ಅಂತ ಬರೆದುಕೊಳ್ಳತೊಡಗಿದರು. 1970ರಲ್ಲಿ ಇವರಿಗೆ ವಕೀಲರು ಜೊತೆಯಾಗಿ, ಪುಕ್ಕಟೆ ಕಾನೂನು ನೆರವಿನ ಕಚೇರಿ ಹುಟ್ಟಿತು.

ಆ ಕಚೇರಿಯವರು ಕೇಸಿನ ಕೆಲಸಕ್ಕೆ ಮನೆಮನೆಗೆ ಹೋದಾಗ ಬೇರೆಯೇ ಸಮಸ್ಯೆ ಕಂಡಿತು. ಒಳಗೆ ಜನ ಕಾಯಿಲೆ ಬಿದ್ದು ಮಲಗಿದ್ದಾರೆ, ಆಸ್ಪತ್ರೆಗೆ ಮಾತ್ರ ಹೋಗುತ್ತಿಲ್ಲ. ಹೋಗಲಿ ಹೇಗೆ? ಹಳ್ಳಿಗಾಡಿನ ಆಸ್ಪತ್ರೆಗಳಲ್ಲಿ ಅವರನ್ನು ಬೇರೆ ವಾರ್ಡಿನಲ್ಲಿ, ಇಲ್ಲಾ ವರಾಂಡದಲ್ಲಿ ಮಲಗಿಸಿದ ನೆನಪು ಇನ್ನೂ ಹಸಿ. ಸರ್ಕಾರದವರು ಮಕ್ಕಳನ್ನು ಕಿತ್ತುಕೊಂಡು ಹೋದ ನೆನಪು ಅದಕ್ಕಿಂತ ಹಸಿ. ಆಫೀಸಿನವರ ಕಣ್ಣಿಗೆ ಬೀಳದಿದ್ದರೆ ಸಾಕು ಅಂತಿದ್ದ ತಾಯಿ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋಗಿ ಹೆಸರು ಬರೆಸುತ್ತಾಳಾ?

ಮೂಲನಿವಾಸಿ ಹೋರಾಟಗಾರ ಗಾರ್ಡನ್ ಬ್ರಿಸ್ಕೋ ಮತ್ತು ಮಮ್ ಶರ್ಲ್ ಈ ವಿಷಯ ಎತ್ತಿದರು. ಫ್ರೆಡ್ ಹಾಲೋಸ್ ಪರಿಚಯದ ಡಾಕ್ಟರುಗಳನ್ನು ಎಳೆದು ತಂದರು. 1971ರ ಜುಲೈನಲ್ಲಿ ಈ ರೀಜೆಂಟ್ ಸ್ಟ್ರೀಟ್‌ನ ಒಂದು ಅಂಗಡಿ ಮಳಿಗೆಯಲ್ಲಿ ದವಾಖಾನೆ ತೆರೆಯಿತು. ಡಾಕ್ಟರುಗಳು ಸಂಬಳವಿಲ್ಲದೆ ಬರುತ್ತಿದ್ದರು. ಯಜಮಾನಿಕೆ ಮಾತ್ರ ಡಾಕ್ಟರುಗಳದ್ದಲ್ಲ, ಮೂಲನಿವಾಸಿಗಳದ್ದೇ. ದೇಶದಲ್ಲಿ ಅಂಥದ್ದು ಅದೇ ಮೊದಲು. ಈಗ ಅದೇ ಮಾದರಿಯ ಸಂಸ್ಥೆಗಳು ಆಸ್ಟ್ರೇಲಿಯಾದಲ್ಲಿ 140ಕ್ಕೂ ಹೆಚ್ಚಿವೆ.

ಮುಂದಿನ ವರ್ಷ, 1972ರ ಜನವರಿಯಲ್ಲಿ, ಇದೇ ಗುಂಪಿನ ನಾಲ್ಕು ಹುಡುಗರು ಕಾರು ಹತ್ತಿ ಕ್ಯಾನ್‌ಬೆರಾಗೆ ಹೋಗಿ ಪಾರ್ಲಿಮೆಂಟಿನ ಎದುರಿನ ಹುಲ್ಲಿನ ಮೇಲೆ ಒಂದು ಬೀಚ್ ಕೊಡೆ ನೆಟ್ಟು ಕೂತರು. ತಮ್ಮ ನೆಲದಲ್ಲೇ ತಾವು ಪರದೇಶಿಗಳಾಗಿದ್ದೇವೆ, ಅದಕ್ಕೇ ಇದು ನಮ್ಮ 'ರಾಯಭಾರ ಕಚೇರಿ' ಅಂದರು. ಪೊಲೀಸ್ ಠಾಣೆ, ದವಾಖಾನೆ, ಪಾರ್ಲಿಮೆಂಟು: ಎಲ್ಲಿ ಜಗಳ ಹುಡುಕಿದರೂ ಅವೇ ಹೆಸರುಗಳು ಮತ್ತೆ ಮತ್ತೆ ಸಿಗುತ್ತವೆ. ಆರೋಗ್ಯ ಬೇರೆ, ಹಕ್ಕು ಬೇರೆ ಅಂತ ವಿಂಗಡಿಸಿಕೊಂಡು ಕೂರುವಷ್ಟು ಪುರುಸೊತ್ತು ಇವರಿಗಿರಲಿಲ್ಲ.

ನನಗೆ ಎಲ್ಲರಿಗಿಂತ ಹತ್ತಿರ ಅನಿಸಿದವರು ಮಮ್ ಶರ್ಲ್. ಪೂರ್ತಿ ಹೆಸರು ಕಾಲೀನ್ ಶರ್ಲಿ ಸ್ಮಿತ್. 1921ರಲ್ಲಿ ಕೌರಾ ಊರಿನ ಎರಾಂಬಿ ಮಿಷನ್‌ನಲ್ಲಿ ಹುಟ್ಟಿದವರು. ಮೂರ್ಛೆರೋಗವಿತ್ತು. ಹಾಗಾಗಿ ಶಾಲೆಗೆ ಹೋಗಲಾಗಲಿಲ್ಲ, ತಾತನೇ ಕಲಿಸಿದರು. ಸಹೋದರನೊಬ್ಬ ಜೈಲಿಗೆ ಹೋದಾಗ ನೋಡಲು ಹೋಗುತ್ತಿದ್ದರು. ಅವನು ಬಿಡುಗಡೆಯಾದ ಮೇಲೂ ಇವರು ಹೋಗುವುದು ಬಿಡಲಿಲ್ಲ, ನೋಡಲು ಯಾರೂ ಬರದ ಕೈದಿಗಳು ಎಷ್ಟೋ ಜನ ಇದ್ದರಲ್ಲ. "ಇವನು ನಿಮಗೇನಾಗಬೇಕು?" ಅಂತ ಗೇಟಿನವರು ಕೇಳಿದರೆ, "ನಾನು ಅವನಮ್ಮ." ಮುಂದಿನವನು? ಅವನಿಗೂ ಅಮ್ಮ. ಹೆಸರು ಹಾಗೆ ಅಂಟಿಕೊಂಡಿತು. ಅರವತ್ತರಷ್ಟು ಮಕ್ಕಳನ್ನು ಮನೆಯಲ್ಲಿಟ್ಟು ಸಾಕಿದರಂತೆ. ಅಷ್ಟು ಮಕ್ಕಳಿಗೆ ದಿನಾ ಅಡುಗೆ ಎಷ್ಟು ಬೇಯಿಸಬೇಕು ಅಂತ ಲೆಕ್ಕ ಹಾಕಿದೆ, ನನಗೆ ಅಲ್ಲೇ ಸುಸ್ತಾಯಿತು.

ಹಾಲೋಸ್ ಇನ್ನೊಂದು ಬಗೆ. ನ್ಯೂಜಿಲೆಂಡಿನಿಂದ ಬಂದವರು, ಬೆಟ್ಟ ಹತ್ತುವ ಹುಚ್ಚು, ಬಾಯಿ ಒರಟು. ಒಳನಾಡಿನ ಜನರ ಕಣ್ಣು ನೋಡಿ ಅವರಿಗೆ ರೇಗಿಹೋಯಿತು. ಟ್ರಕೋಮ ಎಂಬ ಸೋಂಕು ಅದು. ಮುಖ ತೊಳೆಯಲು ನೀರಿಲ್ಲದ ಕಡೆ, ಒಂದೇ ಮನೆಯಲ್ಲಿ ಜನ ಕಿಕ್ಕಿರಿದಿರುವ ಕಡೆ ಮಗುವಿನಿಂದ ಮಗುವಿಗೆ ಹರಡುತ್ತದೆ. ಮತ್ತೆ ಮತ್ತೆ ಬಂದರೆ ರೆಪ್ಪೆಯ ಒಳಗಡೆ ಗಾಯ ಕಟ್ಟಿ ರೆಪ್ಪೆಯೇ ಒಳಕ್ಕೆ ಮಡಚಿಕೊಳ್ಳುತ್ತದೆ. ಆಮೇಲೆ ಕಣ್ಣು ಮುಚ್ಚಿ ತೆರೆದಾಗಲೆಲ್ಲ ರೆಪ್ಪೆಗೂದಲು ಕಣ್ಣುಗುಡ್ಡೆಯನ್ನು ಕೆರೆಯುತ್ತದೆ. ವರ್ಷಗಟ್ಟಲೆ ಕೆರೆದು ಕೆರೆದು ದೃಷ್ಟಿ ಹೋಗುತ್ತದೆ. 1976ರಿಂದ ಎರಡು ಮೂರು ವರ್ಷ ಹಾಲೋಸ್ ತಂಡ ಹಳ್ಳಿ ಹಳ್ಳಿಗೆ ಹೋಗಿ ಒಂದು ಲಕ್ಷಕ್ಕೂ ಹೆಚ್ಚು ಜನರ ಕಣ್ಣು ನೋಡಿತು. 1993ರಲ್ಲಿ ತೀರಿಕೊಂಡಾಗ, ಅವರ ಆಸೆಯಂತೆ ಸಿಡ್ನಿಯಿಂದ ದೂರದ ಬರ್ಕ್ ಎಂಬ ಒಳನಾಡಿನ ಊರಿನಲ್ಲಿ ಮಣ್ಣು ಮಾಡಿದರು. ಅಲ್ಲಿಗೂ ಹೋಗುವ ಆಸೆಯಿತ್ತು. ಏಳೆಂಟುನೂರು ಕಿಲೋಮೀಟರ್ ಅಂದಾಗ ಮಗಳು ನನ್ನ ಮುಖ ನೋಡಿದಳು, ನಾನು ಸುಮ್ಮನಾದೆ.

ರೆಡ್‌ಫರ್ನ್ ಪಾರ್ಕಿನಲ್ಲಿ ಕೂತು ಮೊಸರನ್ನದ ಡಬ್ಬಿ ಬಿಚ್ಚಿದೆ. 1992ರ ಡಿಸೆಂಬರ್ 10ರಂದು ಪ್ರಧಾನಿ ಪಾಲ್ ಕೀಟಿಂಗ್ ಭಾಷಣ ಮಾಡಿದ್ದು ಇದೇ ಪಾರ್ಕಿನಲ್ಲಿ. ನೆಲ ಕಿತ್ತುಕೊಂಡವರು ನಾವು, ರೋಗ ತಂದವರು ನಾವು, ತಾಯಂದಿರಿಂದ ಮಕ್ಕಳನ್ನು ಕಸಿದವರು ನಾವು ಅಂತ ಬಿಳಿಯರ ಪರವಾಗಿ ಇಲ್ಲೇ ನಿಂತು ಒಪ್ಪಿಕೊಂಡರು. ನನ್ನ ಎದುರಿಗೆ ಒಬ್ಬ ಹುಡುಗ ನಾಯಿಗೆ ಚೆಂಡು ಎಸೆಯುತ್ತಿದ್ದ.

ಟರ್ನರ್ ಸ್ಟ್ರೀಟ್ ಹತ್ತಿರದಲ್ಲೇ ಇದೆ. ಅಂಗಡಿ ಮಳಿಗೆ ಸಾಲದಾದಾಗ ದವಾಖಾನೆ ಇಲ್ಲಿಗೆ ಬಂತು. ಹಾಡುಗಾರ್ತಿಯಾಗಿದ್ದ ನಯೋಮಿ ಮೇಯರ್ಸ್ 1972ರಲ್ಲಿ ಕೆಲಸಕ್ಕೆ ಸೇರಿ, ದಶಕಗಟ್ಟಲೆ ಇದನ್ನು ನಡೆಸಿದರು. ನಾನು ಮ್ಯೂಸಿಯಂಗೆ ಹೋದವಳ ಹಾಗೆ ಮೊಬೈಲ್ ಕೈಯಲ್ಲಿ ಹಿಡಿದು ಬಾಗಿಲ ಹತ್ತಿರ ಹೋದೆ. ಒಳಗಿಂದ ಮಗುವನ್ನೆತ್ತಿಕೊಂಡ ತಂದೆ ಹೊರಬಂದ. ಮಗು ಅಳುತ್ತಿತ್ತು, ಸೂಜಿ ಚುಚ್ಚಿಸಿಕೊಂಡಿರಬೇಕು. ನಾಚಿಕೆಯಾಗಿ ಮೊಬೈಲನ್ನು ಬ್ಯಾಗಿಗೆ ಹಾಕಿದೆ.

ಗೋಡೆಯ ನೆರಳಲ್ಲಿ ಒಬ್ಬ ವಯಸ್ಸಾದ ಹೆಂಗಸು ಕೂತಿದ್ದರು. ಆ ದಾರಿಯಲ್ಲಿ ಹೋದವರೆಲ್ಲ ಅವರನ್ನು "ಆಂಟಿ" ಅಂತ ಮಾತಾಡಿಸುತ್ತಿದ್ದರು. ಇವರಲ್ಲಿ ಹಿರಿಯರನ್ನು ಆಂಟಿ, ಅಂಕಲ್ ಅನ್ನುವುದೇ ರೂಢಿ, ಥೇಟ್ ನಮ್ಮ ಹಾಗೆ. ನಮ್ಮಲ್ಲಿ ಕೆಲವರಿಗೆ ಆಂಟಿ ಅಂದರೆ ಸಿಟ್ಟು ಬರುತ್ತೆ, ಅಲ್ವಾ? ಇಲ್ಲಿ ಅದೊಂದು ಗೌರವ.

"ಹಲ್ಲಿನ ಡಾಕ್ಟರ್ ಹತ್ರಾನಾ?" ಅಂತ ಕೇಳಿದರು.

"ಇಲ್ಲ ಆಂಟಿ. ಇಂಡಿಯಾದಿಂದ ಬಂದಿದ್ದೀನಿ. ಮಮ್ ಶರ್ಲ್ ಬಗ್ಗೆ ಓದಿದ್ದೆ. ಸುಮ್ನೆ ನೋಡೋಣ ಅಂತ."

ಅವರು ಜೋರಾಗಿ ನಕ್ಕರು. "ದವಾಖಾನೆ ನೋಡೋಕೆ ಇಂಡಿಯಾದಿಂದ ಬಂದ್ಯಾ?" ಆಮೇಲೆ ಪಕ್ಕದಲ್ಲಿದ್ದ ಕೈಚೀಲ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ನನಗೆ ಜಾಗ ಮಾಡಿಕೊಟ್ಟರು. ನಾನು ಕೂತೆ. ಅವರ ಮಂಡಿನೋವಿನ ಬಗ್ಗೆ, ನನ್ನ ಮಂಡಿನೋವಿನ ಬಗ್ಗೆ ಮಾತು ಶುರುವಾಯಿತು.