ನಾನು ಇಳಿಯುವ ಸ್ಟೇಷನ್ನಿನ ಹೆಸರು

ನಮ್ಮ ಮನೆ ಇರುವುದು ಮ್ಯೂನಿಕ್‌ನ ನೊಯ್‌ಪೆರ್ಲಾಖ್‌ನಲ್ಲಿ. ಯು5 ಮೆಟ್ರೋದಲ್ಲಿ ಕೊನೆಯ ಸ್ಟೇಷನ್ನಿಗಿಂತ ಒಂದು ಮುಂಚೆ 'ತೆರೇಸೆ-ಗೀಸೆ-ಆಲೇ' ಅಂತ ಕೂಗುತ್ತದೆ. ಅಲ್ಲಿ ನಾನು ಇಳಿಯುತ್ತೇನೆ. ಯಾರೋ ರಾಣಿಯ ಹೆಸರಿರಬೇಕು ಅಂದುಕೊಂಡಿದ್ದೆ.

ಒಂದು ಸಂಜೆ ಪಕ್ಕದ ಮನೆಯ ಅಜ್ಜಿ ಕಾಫಿಗೆ ಕರೆದು ಹಳೇ ರೆಕಾರ್ಡ್ ಒಂದನ್ನು ಹಾಕಿದರು. ಜರ್ಮನ್ ಕವಿ, ನಾಟಕಕಾರ ಬ್ರೆಕ್ಟ್‌ನ ಪದ್ಯಗಳು. ಓದುತ್ತಿದ್ದುದು ಹೆಂಗಸು, ಆದರೆ ದನಿ ದಪ್ಪ. ಎಲ್ಲೂ ಏರಿಸುವುದಿಲ್ಲ, ಎಲ್ಲೂ ಅಳುವುದಿಲ್ಲ. ಅಡುಗೆಮನೆಯಲ್ಲಿ ಕೂತು ತಿಂಗಳ ಸಾಮಾನಿನ ಲೆಕ್ಕ ಹೇಳಿದ ಹಾಗೆ. ನನಗೆ ಅರ್ಧ ಮಾತು ತಿಳಿಯಲಿಲ್ಲ, ಆದರೂ ಕಾಫಿ ಆರಿಹೋಗುವ ತನಕ ಕೇಳಿದೆ. "ನೀನು ದಿನಾ ಇಳಿಯುವ ಸ್ಟೇಷನ್ ಇವಳದೇ" ಅಂದರು ಅಜ್ಜಿ.

ಆ ದನಿಯ ತೆರೇಸೆ ಗೀಸೆ ಹುಟ್ಟಿದ್ದು ಇದೇ ಊರಲ್ಲಿ, 1898ರಲ್ಲಿ. ಯಹೂದಿ ಬಟ್ಟೆ ವ್ಯಾಪಾರಿಯ ಮಗಳು. ಮನೆತನದ ಹೆಸರು ಗಿಫ್ಟ್. ನಮಗೆ ಗಿಫ್ಟ್ ಅಂದರೆ ಉಡುಗೊರೆ, ಜರ್ಮನ್‌ನಲ್ಲಿ ವಿಷ! ರಂಗದ ಮೇಲೆ ಆಕೆ ಗೀಸೆ ಆದಳು. ಸ್ಥೂಲ ಮೈ, ಅಗಲ ಮುಖ. ನಾಯಕಿ ಪಾತ್ರಕ್ಕೆ ಯಾರೂ ಕರೆಯುವ ರೂಪವಲ್ಲ. ಆದರೂ 1926ರಿಂದ ಇಲ್ಲಿನ ಕಾಮರ್‌ಸ್ಪೀಲೆ ನಾಟಕಶಾಲೆಯಲ್ಲಿ ಊರೆಲ್ಲ ಮೆಚ್ಚುವ ನಟಿಯಾಗಿ ಬೆಳೆದಳು.

1933ರ ಜನವರಿ 1ರಂದು ಗೆಳತಿ, ಲೇಖಕಿ ಎರಿಕಾ ಮಾನ್ ಜೊತೆ ಸೇರಿ 'ಫೆಫರ್‌ಮ್ಯೂಲೆ' ಅನ್ನೋ ತಂಡ ಶುರು ಮಾಡಿದಳು. ಹಾಗಂದರೆ ಮೆಣಸು ಅರೆಯುವ ಗಿರಣಿ. ಹಾಡು, ಸಣ್ಣ ಸಣ್ಣ ಪ್ರಹಸನ, ಎಲ್ಲದರಲ್ಲೂ ನಾಜಿಗಳಿಗೆ ಚುರುಕು. ಅದೇ ತಿಂಗಳು ಹಿಟ್ಲರ್ ಅಧಿಕಾರಕ್ಕೆ ಬಂದ. ಮಾರ್ಚ್‌ನಲ್ಲಿ ಗೀಸೆ ಗಡಿ ದಾಟಬೇಕಾಯಿತು. ತಂಡವನ್ನು ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನಲ್ಲಿ ಮತ್ತೆ ಕಟ್ಟಿದರು. 1934ರಲ್ಲಿ ಅಲ್ಲೂ ನಾಜಿ ಪರದ ಗುಂಪುಗಳು ಗಲಾಟೆ ಎಬ್ಬಿಸಿದವು, ಪೊಲೀಸ್ ಕಾವಲಿನಲ್ಲಿ ಆಟ ನಡೆಯಿತು. ಮುಂದೆ ಬ್ರಿಟಿಷ್ ಪಾಸ್‌ಪೋರ್ಟ್‌ಗಾಗಿ ಜಾನ್ ಹ್ಯಾಂಪ್ಸನ್ ಎಂಬ ಇಂಗ್ಲಿಷ್ ಲೇಖಕನನ್ನು ಮದುವೆಯಾದಳು. ಆ ಮದುವೆ ಕಾಗದದ ಮೇಲಷ್ಟೇ. ವೀಸಾ ಕಚೇರಿಯ ಮುಂದೆ ಕಾಗದ ಹಿಡಿದು ಕಾದವರಿಗೆ ಒಂದು ಪಾಸ್‌ಪೋರ್ಟ್ ಪುಸ್ತಕದ ಬೆಲೆ ಚೆನ್ನಾಗಿ ಗೊತ್ತು. ಆದರೆ ನಮ್ಮಲ್ಲಿ ಹೆಚ್ಚಿನವರು ಕಾದದ್ದು ಕೆಲಸಕ್ಕೆ, ಆಕೆಯದು ಜೀವದ ಪ್ರಶ್ನೆ.

1941ರ ಏಪ್ರಿಲ್ 19. ಸುತ್ತಲೂ ಯುದ್ಧ. ಜ್ಯೂರಿಕ್‌ನ ಷೌಷ್ಪೀಲ್‌ಹೌಸ್ ನಾಟಕಶಾಲೆಯಲ್ಲಿ ಬ್ರೆಕ್ಟ್‌ನ 'ಮದರ್ ಕರೇಜ್' ಮೊದಲ ಸಲ ರಂಗಕ್ಕೆ ಬಂತು. ಕರೇಜ್ ಆಗಿದ್ದವಳು ಗೀಸೆ. ದಂಡಿನ ಹಿಂದೆ ಬಂಡಿ ಎಳೆದು ಸಾಮಾನು ಮಾರುವವಳ ಕಥೆ ಅದು. ಮಗನನ್ನು ಬಿಡಿಸಲು ಲಂಚದ ಚೌಕಾಸಿ ಮಾಡ್ತಾ ಮಾಡ್ತಾ ಹೊತ್ತು ಮೀರುತ್ತದೆ. ಮಗನಿಗೆ ಗುಂಡು ಹಾರಿಸುತ್ತಾರೆ. ಹೆಣವನ್ನು ತಂದು, ಗುರುತು ಇದೆಯಾ ಅಂತ ಕೇಳುತ್ತಾರೆ. ಹೌದು ಅಂದರೆ ತಾನೂ ಸಿಕ್ಕಿಬೀಳುತ್ತಾಳೆ. ಹೆತ್ತ ತಾಯಿ ಇಲ್ಲ ಅಂತ ತಲೆ ಆಡಿಸುತ್ತಾಳೆ.

ಅವತ್ತು ಜನ ಆ ತಾಯಿಗಾಗಿ ಮರುಗಿದರು. ಬ್ರೆಕ್ಟ್‌ಗೆ ಅದು ಒಪ್ಪಿಗೆಯಾಗಲಿಲ್ಲ. ಯುದ್ಧದಲ್ಲಿ ಲಾಭ ಹುಡುಕುವ ವ್ಯಾಪಾರಿಯಾಗಿ ಆಕೆ ಜನರಿಗೆ ಕಾಣಲಿ ಅಂತ ಕೆಲವು ದೃಶ್ಯ ತಿದ್ದಿದ. ನನಗನಿಸುವುದು, ಮನೆ ಮಠ ಬಿಟ್ಟು ಬಂದವಳು ಆಡಿದ ಪಾತ್ರ ಅದು. ನೋಡಿದವರು ಮರುಗದೆ ಇರುವುದಾದರೂ ಹೇಗೆ? 1950ರಲ್ಲಿ ಮ್ಯೂನಿಕ್‌ನಲ್ಲಿ ಬ್ರೆಕ್ಟ್ ತಾನೇ ನಿರ್ದೇಶಿಸಿದಾಗಲೂ ಕರೇಜ್ ಪಾತ್ರ ಗೀಸೆಯದೇ. ಓಡಿಸಿದ ಊರಿಗೇ ಬಂದು ಮತ್ತೆ ಆ ಬಂಡಿ ಎಳೆದಳು.

ಆಮೇಲೂ ಸುಮ್ನೆ ಕೂರಲಿಲ್ಲ. ಸ್ವಿಸ್ ನಾಟಕಕಾರ ಡ್ಯೂರೆನ್‌ಮಾಟ್ 'ಭೌತವಿಜ್ಞಾನಿಗಳು' ನಾಟಕವನ್ನು ಆಕೆಗೇ ಅರ್ಪಿಸಿದ. 72ನೇ ವಯಸ್ಸಿನಲ್ಲಿ ಬರ್ಲಿನ್‌ಗೆ ಹೋಗಿ, ನಿರ್ದೇಶಕ ಪೀಟರ್ ಸ್ಟೈನ್‌ನ ಎಳೆಯ ತಂಡದ ಜೊತೆ ಬ್ರೆಕ್ಟ್‌ನ 'ತಾಯಿ' ಆಡಿದಳು.

1975ರ ಮಾರ್ಚ್ 3ರಂದು ಮ್ಯೂನಿಕ್‌ನಲ್ಲಿ ತೀರಿಕೊಂಡಳು. ಆದರೆ ಸಮಾಧಿ ಇರುವುದು ಜ್ಯೂರಿಕ್‌ನಲ್ಲಿ, ಫ್ಲುಂಟರ್ನ್ ಗುಡ್ಡದ ಮೇಲೆ. ಹೋದ ಶರತ್ಕಾಲದಲ್ಲಿ ಹೋಗಿದ್ದೆ. ಬಂದವರೆಲ್ಲ ಐರಿಷ್ ಲೇಖಕ ಜೇಮ್ಸ್ ಜಾಯ್ಸ್‌ನ ಪ್ರತಿಮೆಯ ಕಡೆ ಹೋಗುತ್ತಿದ್ದರು. ನಾನು ಕೇಳಿಕೊಂಡು ಈಕೆಯ ಹತ್ತಿರ ಹೋದೆ. ಹೂ ಒಯ್ದಿರಲಿಲ್ಲ. ಯಹೂದಿಗಳು ಸಮಾಧಿಯ ಮೇಲೆ ಕಲ್ಲು ಇಡುತ್ತಾರೆ ಅಂತ ಅಜ್ಜಿ ಹೇಳಿ ಕಳಿಸಿದ್ದರು. ನಮ್ಮ ಸ್ಟೇಷನ್ನಿನ ಮೆಟ್ಟಿಲ ಬಳಿ ಹೆಕ್ಕಿದ ಒಂದು ಕಲ್ಲು ಜೇಬಲ್ಲಿತ್ತು. ಅದನ್ನು ಇಟ್ಟು ಬಂದೆ.