‘ಯಾವ ಚಾನೆಲ್ ನಂಬಬೇಕು?’ ಎಂದು ಕೇಳುವವರಿಗೆ

ಅಮೆರಿಕ ಎಲ್ಲಿಯಾದರೂ ಬಾಂಬ್ ಹಾಕಿದ ಸುದ್ದಿ ಬಂದರೆ ಸಾಕು, ಊರಿನಿಂದ ಅದೇ ಪ್ರಶ್ನೆ: ‘ನೀವು ಅಲ್ಲೇ ಇದ್ದೀರಲ್ಲ, ಫಾಕ್ಸ್ ನಂಬಬೇಕಾ, ಸಿಎನ್‌ಎನ್ ನಂಬಬೇಕಾ, ನ್ಯೂಯಾರ್ಕ್ ಟೈಮ್ಸಾ?’ ಹೇಳಿ ಹೇಳಿ ಸಾಕಾಗಿದೆ, ಬರೆದೇ ಇಡುತ್ತೇನೆ. ಯಾವುದನ್ನೂ ಹೆಸರು ನೋಡಿ ನಂಬಬೇಡಿ. ‘ಹಾಗಾದರೆ ಎಲ್ಲ ಸುಳ್ಳೇ ಅನ್ನಿ’ ಎಂದು ಮಾತು ಮುಗಿಸುವವರಿದ್ದಾರಲ್ಲ, ಅವರದೂ ಅದೇ ಸೋಮಾರಿತನ. ನೋಡಬೇಕಾದ್ದು ಆ ಒಂದು ಸುದ್ದಿಯನ್ನು. ಹೇಳಿದವರು ಯಾರು, ಅವರ ಕೈಯಲ್ಲಿ ಏನಿತ್ತು, ಅಲ್ಲ ಎಂದವರು ಯಾರು, ಅವರ ಮಾತನ್ನು ಎಷ್ಟನೇ ಪುಟದಲ್ಲಿ ಹಾಕಿದರು.

2002ರ ಸೆಪ್ಟೆಂಬರ್ 8, ಭಾನುವಾರ. ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲಿ ದೊಡ್ಡ ಸುದ್ದಿ: ಇರಾಕ್ ವಿಶೇಷ ಅಲ್ಯೂಮಿನಿಯಂ ಕೊಳವೆಗಳನ್ನು ತರಿಸಿಕೊಳ್ಳಲು ನೋಡಿದೆ, ಅಣುಬಾಂಬಿಗೆಂದು ಯುರೇನಿಯಂ ಸಂವರ್ಧಿಸುವ ಸೆಂಟ್ರಿಫ್ಯೂಜ್ ಯಂತ್ರಕ್ಕೆ ಬೇಕಾದಂಥವು ಅವು. ಹೇಳಿದವರು ಹೆಸರಿಲ್ಲದ ಅಧಿಕಾರಿಗಳು, ನಮ್ಮ ಪತ್ರಿಕೆಗಳ ‘ಬಲ್ಲ ಮೂಲಗಳು’ ಇದ್ದಂತೆ. ಅದೇ ಬೆಳಿಗ್ಗೆ ಉಪಾಧ್ಯಕ್ಷ ಡಿಕ್ ಚೇನಿ ಎನ್‌ಬಿಸಿಯ ‘ಮೀಟ್ ದ ಪ್ರೆಸ್’ ಕಾರ್ಯಕ್ರಮದಲ್ಲಿ ಕುಳಿತು ಕೊಳವೆಗಳ ಮಾತೆತ್ತಿ, ಇವತ್ತಿನ ಟೈಮ್ಸ್‌ನಲ್ಲೇ ಬಂದಿದೆ ಎಂದರು. ಸರ್ಕಾರದೊಳಗಿನಿಂದ ಹೆಸರಿಲ್ಲದೆ ಹೊರಟ ಮಾತು ಪತ್ರಿಕೆಯಲ್ಲಿ ಅಚ್ಚಾಗಿ, ಸರ್ಕಾರದ ಬಾಯಿಗೇ ಸಾಕ್ಷಿಯಾಗಿ ವಾಪಸ್ ಬಂತು.

ಕೊಳವೆಯ ವಿಷಯಕ್ಕೇ ಬರೋಣ. ವ್ಯಾಸ 81 ಮಿಲಿಮೀಟರ್, ಉದ್ದ 900 ಮಿಲಿಮೀಟರ್. ಇರಾಕ್ ಬಳಿ ಮೊದಲಿನಿಂದಲೂ ಇದ್ದ 81 ಮಿ.ಮೀ. ರಾಕೆಟ್‌ಗೆ ಬಳಸುತ್ತಿದ್ದ ಕೊಳವೆಯ ಅಳತೆಯೂ ಅದೇ, ಮಿಶ್ರಲೋಹವೂ ಅದೇ. ಸೆಂಟ್ರಿಫ್ಯೂಜ್ ವಿಷಯ ನಿಜವಾಗಿ ಬಲ್ಲವರು ಅಮೆರಿಕದ ಇಂಧನ ಇಲಾಖೆಯ ತಜ್ಞರು. ಗೋಡೆ ತೀರಾ ದಪ್ಪ, ವ್ಯಾಸ ಕಿರಿದು, ಇದು ರಾಕೆಟ್ಟಿಗೇ ಎಂದು ಅವರು ಒಳಗೆ ವಾದಿಸುತ್ತಲೇ ಇದ್ದರು. ವಿದೇಶಾಂಗ ಇಲಾಖೆಯ ಗುಪ್ತಚರ ವಿಭಾಗವೂ ಅವರ ಪರವೇ ಇತ್ತು. ಭಿನ್ನಾಭಿಪ್ರಾಯವಿದೆ ಎಂದು ಐದು ದಿನಗಳ ನಂತರ ಟೈಮ್ಸ್ ಬರೆಯಿತು, 13ನೇ ಪುಟದ ವರದಿಯೊಂದರ ಹೊಟ್ಟೆಯೊಳಗೆ. 2003ರ ಮಾರ್ಚ್ 20ರಂದು ಯುದ್ಧ ಶುರುವಾಯಿತು. ಅಣ್ವಸ್ತ್ರ ಯೋಜನೆ ಸಿಗಲಿಲ್ಲ. ನಮ್ಮ ವರದಿಗಾರಿಕೆ ಬೇಕಾದಷ್ಟು ಬಿಗಿಯಾಗಿರಲಿಲ್ಲ ಎಂದು ಟೈಮ್ಸ್ ಸಂಪಾದಕರು ಒಪ್ಪಿಕೊಂಡದ್ದು 2004ರ ಮೇ 26ರಂದು, 10ನೇ ಪುಟದಲ್ಲಿ.

ಆಗ ಸರಿಯಾಗಿ ಬರೆದವರು ಇರಲಿಲ್ಲವೇ? ಇದ್ದರು. ನೈಟ್ ರಿಡರ್ ಪತ್ರಿಕಾ ಸಮೂಹದ ಜೊನಾಥನ್ ಲ್ಯಾಂಡೆ, ವಾರನ್ ಸ್ಟ್ರೋಬೆಲ್. ಅವರು ಮಂತ್ರಿಗಳ ಮಟ್ಟದವರ ಹಿಂದೆ ಬೀಳದೆ, ಕಡತ ಕೈಯಲ್ಲಿ ಹಿಡಿದು ಕೆಲಸ ಮಾಡುವ ಕೆಳಗಿನ ಅಧಿಕಾರಿಗಳನ್ನು ಕೇಳಿದರು. ಆದರೆ ಆ ಸಮೂಹಕ್ಕೆ ವಾಷಿಂಗ್ಟನ್‌ನಲ್ಲಾಗಲಿ ನ್ಯೂಯಾರ್ಕ್‌ನಲ್ಲಾಗಲಿ ಸ್ವಂತ ಪತ್ರಿಕೆ ಇರಲಿಲ್ಲ. ಅಧಿಕಾರದಲ್ಲಿದ್ದವರು ಬೆಳಿಗ್ಗೆ ಎದ್ದು ಓದುವ ಪೇಪರ್ ಅದಾಗಿರಲಿಲ್ಲ. ‘ದೊಡ್ಡ ಹೆಸರು ಯಾವುದು ಹೇಳಿ’ ಎಂದು ಕೇಳಿದಾಗ ನನಗೆ ಕೋಪ ಬರುವುದು ಇದಕ್ಕೇ.

ಎರಡನೆಯ ಪ್ರಶ್ನೆ ಬೆನ್ನಿಗೇ ಬರುತ್ತದೆ: ‘ಡೆಮಾಕ್ರಟರು ವಾಸಿ ಅಲ್ಲವಾ?’ ಇರಾಕ್ ಮೇಲೆ ಬಲಪ್ರಯೋಗಕ್ಕೆ ಒಪ್ಪಿಗೆ ಕೊಡುವ ನಿರ್ಣಯಕ್ಕೆ ಮೇಲ್ಮನೆಯಾದ ಸೆನೆಟ್‌ನಲ್ಲಿ ಬಿದ್ದ ಮತ 77–23. ಆಗ ಸೆನೆಟ್‌ನಲ್ಲಿದ್ದ 50 ಡೆಮಾಕ್ರಟರಲ್ಲಿ 29 ಮಂದಿ ಪರ. ಬೈಡನ್, ಹಿಲರಿ ಕ್ಲಿಂಟನ್, ಜಾನ್ ಕೆರಿ ಎಲ್ಲರೂ ಅದರೊಳಗೇ. ವಿರೋಧಿಸಿದ ರಿಪಬ್ಲಿಕನ್ ಒಬ್ಬರೇ, ಲಿಂಕನ್ ಚೇಫಿ. ಕೆಳಮನೆಯ ಡೆಮಾಕ್ರಟರಲ್ಲಿ ಹೆಚ್ಚಿನವರು ವಿರೋಧಿಸಿದರು, ಅದನ್ನೂ ಹೇಳಬೇಕು. ಪಕ್ಷದ ಬಣ್ಣ ನೋಡಿ ಊಹಿಸುವ ಬದಲು ಮತಪಟ್ಟಿ ತೆಗೆದು ನೋಡಿ. ಎರಡೂ ಸದನಗಳ ಅಧಿಕೃತ ಜಾಲತಾಣಗಳಲ್ಲಿ ಹೆಸರು ಹೆಸರಾಗಿ ಇದೆ, ದುಡ್ಡು ಕೊಡಬೇಕಾಗಿಲ್ಲ.

‘ಅಲ್ಲಿನ ಅನ್ನ ತಿಂದು ಅವರನ್ನೇ ಬೈತೀರಾ’ ಎನ್ನುವವರಿಗೂ ಒಂದು ಮಾತು. ಆ ಬಾಂಬಿನ ಬೆಲೆಯಲ್ಲಿ ನಾನು ಕಟ್ಟಿದ ತೆರಿಗೆಯೂ ಇದೆ. ಲೆಕ್ಕ ಕೇಳುವುದು ಪ್ರಜೆಯ ಕೆಲಸ. ಮೇಲೆ ಹೇಳಿದ್ದರಲ್ಲಿ ಬಹಳಷ್ಟನ್ನು ಬಯಲಿಗೆ ತಂದದ್ದೂ ಅಮೆರಿಕದ್ದೇ ಸೆನೆಟ್ ಸಮಿತಿ, ಅಮೆರಿಕದ್ದೇ ಪತ್ರಕರ್ತರು.

ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ, ಯಾರೂ ಕೇಳುವುದಿಲ್ಲ: ಈ ಯುದ್ಧಕ್ಕೆ ಅನುಮತಿ ಕೊಟ್ಟವರು ಯಾರು? ಸಂವಿಧಾನದ ಪ್ರಕಾರ ಯುದ್ಧ ಘೋಷಿಸುವ ಅಧಿಕಾರ ಕಾಂಗ್ರೆಸ್ಸಿನದು, ಅಂದರೆ ಅಮೆರಿಕದ ಸಂಸತ್ತಿನದು. ಅದು ಕೊನೆಯ ಸಲ ಘೋಷಿಸಿದ್ದು 1942ರಲ್ಲಿ. ಅಲ್ಲಿಂದೀಚೆಗೆ ದೊಡ್ಡ ಯುದ್ಧಗಳು ನಡೆದದ್ದು ಬಲಪ್ರಯೋಗಕ್ಕೆ ಒಪ್ಪಿಗೆ ಕೊಡುವ ನಿರ್ಣಯಗಳ ಮೇಲೆ, ಕೊರಿಯಾದಲ್ಲಿ ಅದೂ ಇಲ್ಲದೆ. 2001ರ ಸೆಪ್ಟೆಂಬರ್ 14ರ ನಿರ್ಣಯದ ತಿರುಳು ಇಂಗ್ಲಿಷಿನ ಒಂದೇ ವಾಕ್ಯ, ಬರೀ 60 ಪದ. ಸೆಪ್ಟೆಂಬರ್ 11ರ ದಾಳಿ ನಡೆಸಿದವರ ಮತ್ತು ಅವರಿಗೆ ಆಶ್ರಯ ಕೊಟ್ಟವರ ವಿರುದ್ಧ ಎಂದು ಅದರಲ್ಲಿದೆ. ಮುಕ್ತಾಯದ ದಿನಾಂಕ ಇಲ್ಲ, ದೇಶದ ಹೆಸರೂ ಇಲ್ಲ. ಕೆಳಮನೆಯಲ್ಲಿ 420–1. ಆ ಒಂದು ಮತ ಕ್ಯಾಲಿಫೋರ್ನಿಯಾದ ಬಾರ್ಬರಾ ಲೀ ಅವರದು. ಅಧ್ಯಕ್ಷರ ಕೈಗೆ ಖಾಲಿ ಚೆಕ್ ಕೊಡುತ್ತಿದ್ದೇವೆ ಎಂದು ಅವರು ಎಚ್ಚರಿಸಿದ್ದರು. 2014ರಲ್ಲಿ ಒಬಾಮಾ ಸರ್ಕಾರ ಐಸಿಸ್ ವಿರುದ್ಧದ ಯುದ್ಧಕ್ಕೂ ಅದನ್ನೇ ತೋರಿಸಿತು. 2001ರಲ್ಲಿ ಆ ಹೆಸರಿನ ಸಂಘಟನೆಯೇ ಇರಲಿಲ್ಲ.

ಕಡಿವಾಣ ಇಲ್ಲವೆಂದಲ್ಲ. 1973ರ ಯುದ್ಧಾಧಿಕಾರ ನಿರ್ಣಯದಂತೆ ಅಧ್ಯಕ್ಷರು ಸೇನೆಯನ್ನು ಕಾದಾಟಕ್ಕೆ ಇಳಿಸಿದ 48 ಗಂಟೆಯೊಳಗೆ ಕಾಂಗ್ರೆಸ್ಸಿಗೆ ಪತ್ರ ಕೊಡಬೇಕು. 60 ದಿನದೊಳಗೆ ಒಪ್ಪಿಗೆ ಸಿಗದಿದ್ದರೆ ನಿಲ್ಲಿಸಬೇಕು. ಸೇನೆಯನ್ನು ಸುರಕ್ಷಿತವಾಗಿ ವಾಪಸ್ ಕರೆಸಿಕೊಳ್ಳಲು ಬೇಕಿದ್ದರೆ ಇನ್ನು 30 ದಿನ. 2011ರಲ್ಲಿ ಲಿಬಿಯಾ ಮೇಲಿನ ದಾಳಿಯ ಪತ್ರ ಮಾರ್ಚ್ 21ರಂದು ಹೋಯಿತು, ಗಡುವು ಮೇ 20ಕ್ಕೆ ಮುಗಿಯಿತು. ವಿಮಾನಗಳು ಹಾರುತ್ತಲೇ ಇದ್ದವು. ನಮ್ಮ ಪಾತ್ರ ಸೀಮಿತ, ನೆಲದ ಮೇಲೆ ಸೇನೆಯಿಲ್ಲ, ಆದ್ದರಿಂದ ಕಾನೂನು ಹೇಳುವ ಕಾದಾಟ ಇದಲ್ಲ ಎಂಬುದು ಸರ್ಕಾರದ ವಾದ. ಕೆಳಮನೆ ಒಪ್ಪಿಗೆಯ ನಿರ್ಣಯವನ್ನು ತಿರಸ್ಕರಿಸಿತು, ಅದೇ ದಿನ ಹಣ ನಿಲ್ಲಿಸುವ ಮಸೂದೆಯನ್ನೂ ಸೋಲಿಸಿತು. ಕಾರ್ಯಾಚರಣೆ ಅಕ್ಟೋಬರ್ 31ರವರೆಗೆ ನಡೆಯಿತು.

ಮುಂದಿನ ಸಲ ಬಾಂಬಿನ ಸುದ್ದಿ ಬಂದಾಗ ನನಗೆ ಫೋನ್ ಮಾಡುವ ಮೊದಲು ಆ ಪತ್ರ ಯಾವತ್ತು ಹೋಯಿತು, ಯಾವ ಕಾನೂನನ್ನು ಹೆಸರಿಸಿದೆ ಎಂದು ಹುಡುಕಿ. ಕ್ಯಾಲೆಂಡರಿನಲ್ಲಿ 60 ದಿನ ಎಣಿಸಿ ಗುರುತು ಹಾಕಿ. ಆ ದಿನ ಯಾವ ಚಾನೆಲ್ ಗಡುವಿನ ಮಾತೆತ್ತುತ್ತದೆ ನೋಡಿಕೊಂಡು ಆಮೇಲೆ ಮಾತಾಡೋಣ.