ಎರಡು ದೀಪ ಒಟ್ಟಿಗೆ ಉರಿದ ದಿನ

ಆಟೊಮೇಷನ್ ಲ್ಯಾಬಿನ ಮೇಷ್ಟ್ರು ತೀರಿಕೊಂಡ ಸುದ್ದಿ ತಿಳಿದು ನಮ್ಮ ಬ್ಯಾಚಿನವರೆಲ್ಲ ಒಬ್ಬರಿಗೊಬ್ಬರು ಫೋನ್ ಮಾಡಿಕೊಂಡರು. ಸಿಲಬಸ್ಸಿನ ಮಾತು ಯಾರೂ ಎತ್ತಲಿಲ್ಲ. ಎಲ್ಲರಿಗೂ ನೆನಪಿದ್ದದ್ದು ಗಾಳಿಯ ಒತ್ತಡದಿಂದ ನಡೆಯುವ ಸಿಲಿಂಡರುಗಳ ಕಿಟ್ಟಿಗೆ ಗಾಳಿ ಬಿಡುವ ಮುಂಚೆ ಅವರು ಮಾಡಿಸುತ್ತಿದ್ದ ಕೆಲಸಗಳು. ಮೊದಲು ಫಿಲ್ಟರ್ ಬಟ್ಟಲಿನ ನೀರು ಬಸಿಯಬೇಕು. ರೆಗ್ಯುಲೇಟರನ್ನು ಪೂರ್ತಿ ಸಡಿಲಿಸಿ, ಒತ್ತಡವನ್ನು ನಿಧಾನವಾಗಿ 6 ಬಾರ್‌ಗೆ ಏರಿಸಬೇಕು. ಪ್ರತಿ ಟ್ಯೂಬನ್ನೂ ಫಿಟ್ಟಿಂಗಿಗೆ ತಳ್ಳಿ, ಹಿಂದಕ್ಕೆಳೆದು ನೋಡಬೇಕು. ಓರೆಯಾಗಿ ಕತ್ತರಿಸಿದ ಟ್ಯೂಬು ಮೊದಲು ಸೋರುತ್ತದೆ, ಆಮೇಲೆ ಕಳಚಿಕೊಂಡು ಚಾವಟಿಯ ಹಾಗೆ ಬೀಸುತ್ತದೆ.

ಲೆಕ್ಕದಲ್ಲೂ ಅಷ್ಟೇ ಬಿಗಿ. 32 ಮಿ.ಮೀ. ಬೋರಿನ (ಒಳವ್ಯಾಸದ) ಸಿಲಿಂಡರ್ 6 ಬಾರ್‌ನಲ್ಲಿ ಸುಮಾರು 480 ನ್ಯೂಟನ್ ಬಲದಿಂದ ತಳ್ಳುತ್ತದೆ. ಹಿಂದಕ್ಕೆ ಬರುವಾಗ 12 ಮಿ.ಮೀ. ರಾಡ್ ಪಿಸ್ಟನ್ನಿನ ಒಂದಷ್ಟು ಜಾಗ ತಿನ್ನುವುದರಿಂದ ಅದು 415ರ ಆಸುಪಾಸಿಗೆ ಇಳಿಯುತ್ತದೆ. ಘರ್ಷಣೆಯ ನಷ್ಟ ಬೇರೆ. ವೇಗ ತಗ್ಗಿಸಲು ಒಳಹೋಗುವ ಗಾಳಿಯನ್ನಲ್ಲ, ಹೊರಬೀಳುವ ಗಾಳಿಯನ್ನು ತಡೆಯಿರಿ ಎನ್ನುತ್ತಿದ್ದರು. ಒಳಗಿನದನ್ನು ತಡೆದರೆ ಪಿಸ್ಟನ್ ಅಂಟಿಕೊಂಡು ನಿಂತು, ಒತ್ತಡ ಕೂಡಿದಾಗ ಒಮ್ಮೆಲೇ ಜಿಗಿಯುತ್ತದೆ. ಆದರೆ ಹೊರಬೀಳುವ ಗಾಳಿಯನ್ನು ತಡೆಯುವುದರಲ್ಲೂ ಒಂದು ಅಪಾಯವಿದೆ, ಪುಸ್ತಕಗಳು ಅದನ್ನು ಒತ್ತಿ ಹೇಳುವುದು ಕಡಿಮೆ: ರಾತ್ರಿಯೆಲ್ಲ ಗಾಳಿ ಖಾಲಿಯಾಗಿದ್ದ ಸಿಲಿಂಡರಿನಲ್ಲಿ ತಡೆಯಲು ಎದುರು ಗಾಳಿಯೇ ಇರುವುದಿಲ್ಲ, ಬೆಳಗಿನ ಮೊದಲ ಸ್ಟ್ರೋಕ್ ಬಾಣದಂತೆ ನುಗ್ಗುತ್ತದೆ.

ಕಿಡಿಗೇಡಿತನ ನಡೆದದ್ದು ಎರಡು ಸಿಲಿಂಡರುಗಳ ಪ್ರಯೋಗದಲ್ಲಿ. ಮೊದಲನೆಯದು ಬಿಲ್ಲೆಯನ್ನು ಹಿಡಿಯಬೇಕು, ಎರಡನೆಯದು ಕೊರೆಯಲು ಇಳಿದು ಮೇಲೇಳಬೇಕು, ಆಮೇಲೆ ಮೊದಲನೆಯದು ಬಿಡಬೇಕು. ಸಿಲಿಂಡರಿನ ಮೈಮೇಲೆ ಎರಡೂ ತುದಿಗೆ ರೀಡ್ ಸ್ವಿಚ್‌ಗಳು. ಪಿಸ್ಟನ್ನಿನ ಆಯಸ್ಕಾಂತದ ಉಂಗುರ ಹತ್ತಿರ ಬಂದರೆ ದೀಪ ಹತ್ತಿ, ಯಂತ್ರದ ಹೆಜ್ಜೆಗಳನ್ನು ನಡೆಸುವ ಪುಟ್ಟ ಕಂಪ್ಯೂಟರಾದ ಪಿಎಲ್‌ಸಿಗೆ ಸಂಕೇತ ಹೋಗುತ್ತದೆ. ಯಾರೋ ಪುಣ್ಯಾತ್ಮರು ಹಿಡಿಯುವ ಸಿಲಿಂಡರಿನ ಮುಂತುದಿಯ ಸ್ವಿಚ್ಚಿನ ಕೆಳಗೆ ಪುಟ್ಟ ಆಯಸ್ಕಾಂತವೊಂದನ್ನು ಟೇಪಿನಿಂದ ಅಂಟಿಸಿಬಿಟ್ಟಿದ್ದರು. ಸ್ಟಾರ್ಟ್ ಒತ್ತಿದ್ದೇ ತಡ, ಬಿಲ್ಲೆಯನ್ನು ಹಿಡಿಯುವ ಮೊದಲೇ ಡ್ರಿಲ್ಲಿನ ಸಿಲಿಂಡರ್ ಇಳಿದೇ ಇಳಿಯಿತು.

ಮೇಷ್ಟ್ರು ಎಮರ್ಜೆನ್ಸಿ ಒತ್ತಿ, ಗಾಳಿ ಮುಚ್ಚಿದರು. ಯಾರು ಮಾಡಿದ್ದೆಂದು ಕೇಳಲಿಲ್ಲ. ಬಗ್ಗಿ ದೀಪಗಳನ್ನು ನೋಡಿದರು: ಹಿಂದಿನದೂ ಉರಿಯುತ್ತಿದೆ, ಮುಂದಿನದೂ ಉರಿಯುತ್ತಿದೆ. ಒಂದೇ ಪಿಸ್ಟನ್ ಎರಡು ಕಡೆ ಇರಲಾರದು. ಬೆರಳಾಡಿಸಿ ಆಯಸ್ಕಾಂತ ಕಿತ್ತರು, ನಂತರ ಪಿಎಲ್‌ಸಿಯ ಲ್ಯಾಡರ್ ಪ್ರೋಗ್ರಾಮನ್ನೇ ತಿದ್ದಿಸಿದರು. ಮುಂದಿನ ಹೆಜ್ಜೆಗೆ ಮುಂತುದಿಯ ಸ್ವಿಚ್ ಆನ್ ಆಗಿದ್ದರೆ ಸಾಲದು, ಹಿಂತುದಿಯದು ಆಫ್ ಕೂಡ ಆಗಿರಬೇಕು. ಎರಡೂ ಆನ್ ಇದ್ದರೆ, ಅಥವಾ 2 ಸೆಕೆಂಡ್ ಕಳೆದರೂ ಎರಡೂ ಆಫ್ ಇದ್ದರೆ, ನಿಲ್ಲಿಸಿ ಅಲಾರಂ ಹಾಕಬೇಕು. ಕಾರ್ಖಾನೆಯಲ್ಲಿ ಆಯಸ್ಕಾಂತ ಅಂಟಿಸಲು ಯಾರೂ ಬೇಕಿಲ್ಲ. ಸ್ಪಾಟ್ ವೆಲ್ಡಿಂಗಿನ ಕಾಂತಕ್ಷೇತ್ರ ಇದೇ ಸುಳ್ಳು ಸಂಕೇತ ಕೊಡುತ್ತದೆ; ತೀರಾ ಒತ್ತಾಗಿ ಕೂರಿಸಿದ ಪಕ್ಕದ ಸಿಲಿಂಡರೂ ಕೊಡುತ್ತದೆ; ರಿಲೇಯಂಥ ಕಾಯಿಲಿನ ವಿದ್ಯುತ್ ಹೊರೆಯನ್ನು ನೇರವಾಗಿ ಹೊತ್ತು, ಸುಟ್ಟು ಅಂಟಿಕೊಂಡ ಸ್ವಿಚ್ಚಿನ ಕಾಂಟ್ಯಾಕ್ಟೂ ಕೊಡುತ್ತದೆ.

ರೊಬಾಟಿಕ್ಸ್ ಥಿಯರಿ ಹೇಳಿಕೊಟ್ಟ ಮೇಡಂ ಅವರನ್ನೂ ಇಲ್ಲಿ ನೆನೆಯಬೇಕು. 1955ರಲ್ಲಿ ಡೆನಾವಿಟ್ ಮತ್ತು ಹಾರ್ಟೆನ್‌ಬರ್ಗ್ ಕೊಟ್ಟ, ರೋಬಾಟಿನ ತೋಳನ್ನು ಲೆಕ್ಕಕ್ಕಿಳಿಸುವ ಪದ್ಧತಿಯಲ್ಲಿ ಪ್ರತಿ ಕೀಲಿಗೂ 4 ಸಂಖ್ಯೆಗಳು. ಆ ಕೋಷ್ಟಕ ಬರೆಯುವ ಮೊದಲು ಅಕ್ಷಗಳನ್ನು ಕೈಬೆರಳಲ್ಲಿ ತೋರಿಸಲೇಬೇಕಿತ್ತು. ಆರು ಕೀಲಿನ ತೋಳಿನಲ್ಲಿ 5ನೇ ಕೀಲಿನ ಕೋನ ಸೊನ್ನೆಗೆ ಬಂದರೆ 4 ಮತ್ತು 6ನೇ ಅಕ್ಷಗಳು ಒಂದೇ ಗೆರೆಗೆ ಬೀಳುತ್ತವೆ, ನೇರ ಗೆರೆಯಲ್ಲಿ ಹೊರಟ ರೋಬಾಟ್ ಅಲ್ಲಿ ವೇಗದ ಮಿತಿ ಮೀರಿ ನಿಂತುಬಿಡುತ್ತದೆ. ಟೂಲನ್ನು ಕೊಂಚ ಓರೆ ಮಾಡಿದರೆ ಸಾಕೆಂದು ಅವರು ಹೇಳಿದ್ದು ಇಂದಿಗೂ ಕೆಲಸಕ್ಕೆ ಬರುತ್ತಿದೆ.

ಈಗ ಹೆಚ್ಚಿನ ಲ್ಯಾಬುಗಳು ಪರದೆಯ ಮೇಲೇ ಮುಗಿಯುತ್ತವೆ. ಅನುಕ್ರಮ ಪರೀಕ್ಷಿಸಲು, ರೋಬಾಟಿನ ಕೈ ಎಟಕುತ್ತದೆಯೇ, ಎಲ್ಲಾದರೂ ತಗುಲುತ್ತದೆಯೇ ಎಂದು ನೋಡಲು ಸಿಮ್ಯುಲೇಷನ್ ಒಳ್ಳೆಯದೇ. ಆದರೆ ಅಲ್ಲಿನ ಟ್ಯೂಬಿನಲ್ಲಿ ನೀರಿಲ್ಲ, ಸೀಲು ಸವೆಯುವುದಿಲ್ಲ, ಸ್ವಿಚ್ ಸುಳ್ಳು ಹೇಳುವುದಿಲ್ಲ. ನಮ್ಮ ಬ್ಯಾಚಿನವರು ಕೆಟ್ಟು ನಿಂತ ಉತ್ಪಾದನಾ ಲೈನಿನ ಮುಂದೆ ಹೋದರೆ ಮೊದಲು ನೋಡುವುದು ಇನ್‌ಪುಟ್ ದೀಪಗಳನ್ನು, ಲ್ಯಾಪ್‌ಟಾಪ್ ಆಮೇಲೆ. ಆ ಹೆಮ್ಮೆ ನಮಗಿದೆ. ಈಗಿನ ವಿದ್ಯಾರ್ಥಿಗಳಿಗೂ ಅಂಥ ಲ್ಯಾಬ್ ಸಿಗಲಿ: ರೀಡ್ ಸ್ವಿಚ್ಚನ್ನು 5 ಮಿ.ಮೀ. ಸರಿಸಿ, ಎರಡು ಟ್ಯೂಬುಗಳನ್ನು ಅದಲುಬದಲು ಮಾಡಿ, ಗಾಳಿಯ ಹರಿವು ತಗ್ಗಿಸುವ ಒಂದು ಫ್ಲೋ ಕಂಟ್ರೋಲನ್ನು ತಿರುಗುಮುರುಗಾಗಿ ಜೋಡಿಸಿದ ಕಿಟ್ಟನ್ನು ಮೇಜಿನ ಮೇಲಿಡಿ. ಒತ್ತಡ 2 ಬಾರ್ ಸಾಕು. ದೋಷ ಹುಡುಕಿದವರಿಗೆ ಅಂಕ ಕೊಡಿ.